ಮುಚ್ಚಿದ ಲಾಡ್ಜನ್ನು ವಸತಿರಹಿತರ ಆಸರೆಯ ಮನೆಯಾಗಿ ಮಾರ್ಪಡಿಸುವುದು ಹೇಗೆ: ಹಾಸನದ ಮಟ್ಟಿಗೆ ಒಂದು ಮಾರ್ಗದರ್ಶಿ

ಹೆದ್ದಾರಿಯ ವಾಹನಗಳು ಬೈಪಾಸ್ ಹಿಡಿದ ಮೇಲೆ, ಪ್ರವಾಸಿಗರು ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳಿಗೆ ಒಲಿದ ಮೇಲೆ, ಪೇಟೆಯೊಳಗಿನ ಹಳೆಯ ಲಾಡ್ಜುಗಳಲ್ಲಿ ಕೆಲವಕ್ಕೆ ಮೊದಲಿನ ವ್ಯಾಪಾರ ಉಳಿದಿಲ್ಲ. ಇಪ್ಪತ್ತು, ಇಪ್ಪತ್ತೈದು ಕೋಣೆಗಳ ಅಂಥದೊಂದು ಕಟ್ಟಡ ಬಾಗಿಲು ಮುಚ್ಚಿ ನಿಂತಿರುವಾಗಲೇ ಬಸ್ ನಿಲ್ದಾಣದಲ್ಲಿ, ರೈಲ್ವೆ ನಿಲ್ದಾಣದಲ್ಲಿ, ಆಸ್ಪತ್ರೆಯ ಆವರಣದಲ್ಲಿ ಜನ ರಟ್ಟು ಹಾಸಿಕೊಂಡು ಮಲಗುತ್ತಿರುತ್ತಾರೆ. ಇವೆರಡನ್ನೂ ಒಂದಕ್ಕೊಂದು ಜೋಡಿಸಬೇಕೆಂದಿರುವ ಟ್ರಸ್ಟು, ಸಂಘ ಮತ್ತು ನಗರಾಡಳಿತದ ಅಧಿಕಾರಿಗಳಿಗಾಗಿ ಈ ಲೇಖನವನ್ನು ಬರೆಯಲಾಗಿದೆ. ಹಾಸನವನ್ನು ಮುಂದಿಟ್ಟುಕೊಂಡು ಬರೆದಿದ್ದರೂ ಇದರ ಬಹುಪಾಲು ಚಿಕ್ಕಮಗಳೂರಿಗೂ ಸಲ್ಲುತ್ತದೆ.

ಇಡೀ ಕೆಲಸದ ದಿಕ್ಕನ್ನು ನಿರ್ಧರಿಸುವ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಾಡ್ಜಿನ ನಿಜವಾದ ಬೆಲೆ ಅದರ ಚಿಕ್ಕ ಕೋಣೆಗಳಲ್ಲಿದೆ: ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಬೀಗ, ಒಳಗೇ ಒಂದು ಬಚ್ಚಲು. ನಡುಗೋಡೆಗಳನ್ನು ಒಡೆದು ಹಾಲ್ ಮಾಡಿ, ಸಾಲಾಗಿ ಮಂಚ ಹಾಕಿದರೆ ವರದಿಯಲ್ಲಿ ಹಾಸಿಗೆಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆದರೆ ಅಂಥ ಹಾಲಿಗೆ ಲಾಡ್ಜೇ ಬೇಕಿರಲಿಲ್ಲ, ಯಾವ ಗೋದಾಮಾದರೂ ಆಗುತ್ತಿತ್ತು. ಫಿನ್‌ಲೆಂಡ್ 2008ರಿಂದೀಚೆಗೆ ತನ್ನ ಸಾಮೂಹಿಕ ತಂಗುದಾಣಗಳನ್ನು ಪ್ರತ್ಯೇಕ ಮನೆಗಳಾಗಿ ಬದಲಿಸುತ್ತ ಬಂದಿತು; ಕ್ಯಾಲಿಫೋರ್ನಿಯಾ ರಾಜ್ಯವು ಕೋವಿಡ್ ಬಂದ 2020ರಲ್ಲಿ ಹೋಟೆಲು, ಮೋಟೆಲುಗಳನ್ನು ಕೊಂಡು ವಸತಿ ಮಾಡಲು ಸ್ಥಳೀಯ ಸಂಸ್ಥೆಗಳಿಗೆ ‘ಹೋಮ್‌ಕೀ’ ಎಂಬ ಹೆಸರಿನಲ್ಲಿ ಹಣ ಕೊಟ್ಟಿತು. ಎರಡೂ ಕಡೆ ಬೆಲೆ ಬಂದದ್ದು ಸ್ವಂತ ಕೋಣೆಗೆ. ಆದ್ದರಿಂದ ಗುತ್ತಿಗೆದಾರರು ಗೋಡೆ ಒಡೆಯುವ ಸಲಹೆ ಕೊಟ್ಟರೆ ಒಪ್ಪಬೇಡಿ.

ಮೊದಲು ಜನ, ಆಮೇಲೆ ಕಟ್ಟಡ

ಕಟ್ಟಡ ಸಿಕ್ಕಿತೆಂಬ ಉತ್ಸಾಹದಲ್ಲಿ ಮಂಚ, ಹಾಸಿಗೆಗಳ ದರಪಟ್ಟಿ ತರಿಸುವುದಕ್ಕೆ ಮೊದಲು, ಅಲ್ಲಿ ಯಾರು ಬಾಳಲಿದ್ದಾರೆ ಎಂಬುದನ್ನು ಕಣ್ಣಾರೆ ಕಂಡು ತಿಳಿಯಬೇಕು. ಹಗಲಿನ ಸಮೀಕ್ಷೆಯಿಂದ ಇದು ಆಗುವುದಿಲ್ಲ. ರಾತ್ರಿ ಹತ್ತರ ಮೇಲೆ ಒಮ್ಮೆ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಇನ್ನೊಮ್ಮೆ, ಬಸ್ ಮತ್ತು ರೈಲ್ವೆ ನಿಲ್ದಾಣ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಸುತ್ತಮುತ್ತ, ಅಂಗಡಿ ಸಾಲಿನ ಜಗಲಿಗಳು ಮತ್ತು ದೇವಸ್ಥಾನಗಳ ಬಳಿ ನಡೆದು ನೋಡಬೇಕು. ಮಳೆಗಾಲದ ಒಂದು ರಾತ್ರಿಯೂ ಈ ಎಣಿಕೆಯಲ್ಲಿ ಸೇರಿರಲಿ, ಏಕೆಂದರೆ ಮಳೆ ಹಿಡಿದಾಗ ಜನ ಜಾಗ ಬದಲಿಸುತ್ತಾರೆ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಮಾತ್ರ ಎಣಿಕೆಗೆ ಹೋಗಬೇಡಿ. ಆಗ ಊರು ಯಾತ್ರಿಕರಿಂದ ತುಂಬಿರುತ್ತದೆ, ಮನೆಯಿಲ್ಲದವರು ಯಾರು, ಬೆಳಗಿನ ಬಸ್ಸಿಗೆ ಕಾಯುತ್ತಿರುವವರು ಯಾರು ಎಂದು ಬಿಡಿಸಿ ಹೇಳಲಾಗದು.

ಕಂಡವರೊಡನೆ ಮಾತಾಡಿದರೆ, ‘ವಸತಿರಹಿತರು’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಅಗತ್ಯಗಳುಳ್ಳವರು ಸೇರಿದ್ದಾರೆಂಬುದು ತಿಳಿಯುತ್ತದೆ. ಕೂಲಿಗೆ ಹೋಗಿ ಬಂದು ಮಲಗಲು ಮಾತ್ರ ಜಾಗ ಬೇಕಾದವರಿರುತ್ತಾರೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ, ಗಾಯ ಮಾಯುವವರೆಗೆ ಇರಲು ಎಲ್ಲೂ ಆಸರೆಯಿಲ್ಲದವರಿರುತ್ತಾರೆ. ಮಕ್ಕಳು ಬಿಟ್ಟುಹೋದ ವೃದ್ಧರು, ಕುಡಿತಕ್ಕೆ ಬಿದ್ದವರು, ಕನ್ನಡ ಬಾರದ ಪರರಾಜ್ಯದ ಮಾನಸಿಕ ಅಸ್ವಸ್ಥರು, ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು ಇರುತ್ತಾರೆ. ಒಂದೇ ಮೆಟ್ಟಿಲಿನ ಒಂದೇ ಕಟ್ಟಡದಲ್ಲಿ ಇವರೆಲ್ಲರನ್ನೂ ಇರಿಸುತ್ತೇವೆಂದು ಹೊರಡುವುದು ಅವಿವೇಕ. ಹೆಂಗಸರಿಗೆ ಬೇರೆ ದ್ವಾರ, ಬೇರೆ ಮೆಟ್ಟಿಲು ಕೊಡಲು ಸಾಧ್ಯವಿಲ್ಲದಿದ್ದರೆ ಆ ಕಟ್ಟಡವನ್ನು ಗಂಡಸರಿಗೆ ಮಾತ್ರ ಅಥವಾ ಹೆಂಗಸರಿಗೆ ಮಾತ್ರ ಎಂದು ನಿಗದಿಪಡಿಸಿಕೊಳ್ಳಿ, ಮತ್ತು ಉಳಿದವರಿಗಾಗಿ ನೊಂದ ಹೆಂಗಸರಿಗೆ ನೆರವಾಗುವ ‘ಸಖಿ’ ಒನ್ ಸ್ಟಾಪ್ ಕೇಂದ್ರ ಮತ್ತು ಶಕ್ತಿ ಸದನ, ವೃದ್ಧಾಶ್ರಮಗಳೊಡನೆ ಮೊದಲೇ ಮಾತಾಡಿಟ್ಟುಕೊಳ್ಳಿ. ಒಂಟಿಯಾಗಿ ಬಂದ ಮಗುವನ್ನು ಇರಿಸಿಕೊಳ್ಳಲು ನಿಮಗೆ ಅಧಿಕಾರವಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ.

ಕಟ್ಟಡ ಮತ್ತು ಕಾಗದಪತ್ರ

ಪೇಟೆಯೊಳಗೆ, ಆಸ್ಪತ್ರೆಗೂ ಕೂಲಿ ಸಿಗುವ ಜಾಗಕ್ಕೂ ನಡೆದು ಹೋಗಬಹುದಾದ ದೂರದಲ್ಲಿರುವ ಕಟ್ಟಡವನ್ನೇ ಆರಿಸಬೇಕು. ಊರಾಚೆಯ ರೆಸಾರ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ದಿನಗೂಲಿಯವರು ಅಲ್ಲಿಂದ ಬೆಳಗ್ಗೆ ಕೆಲಸಕ್ಕೆ ಬರಲಾರರು, ವಾರದೊಳಗೆ ಮತ್ತೆ ಬಸ್ ನಿಲ್ದಾಣವನ್ನೇ ಸೇರುತ್ತಾರೆ.

ಖಾತೆ, ಆಸ್ತಿ ತೆರಿಗೆಯ ರಸೀದಿ, ಋಣಭಾರ ಪತ್ರ, ಮಂಜೂರಾದ ನಕ್ಷೆ ಇವನ್ನು ವಕೀಲರಿಂದ ನೋಡಿಸಿ. ಮುಚ್ಚಿದ ಲಾಡ್ಜಿನ ಮೇಲೆ ಬ್ಯಾಂಕಿನ ಸಾಲ ಉಳಿದಿರುವುದು ಅಪರೂಪವಲ್ಲ. ಅಡಮಾನವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬೇಡಿ. ನಮ್ಮಲ್ಲಿ ರೂಢಿಯಾಗಿರುವ ಹನ್ನೊಂದು ತಿಂಗಳ ಕರಾರು ಈ ಕೆಲಸಕ್ಕೆ ನಿಷ್ಪ್ರಯೋಜಕ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು; ಐದು ವರ್ಷಕ್ಕಿಂತ ಕಡಿಮೆ ಅವಧಿಗೆ ದುರಸ್ತಿಯ ಖರ್ಚು ಹಾಕುವುದು ತರವಲ್ಲ. ಹಾಸನಾಂಬೆಯ ಉತ್ಸವದ ಕಾಲದಲ್ಲಿ ಪೇಟೆಯ ಕೋಣೆಗಳಿಗೆ ಬೇಡಿಕೆ ಏರುತ್ತದೆಂಬುದನ್ನು ಮಾಲೀಕರು ಮರೆಯುವುದಿಲ್ಲ, ಆದ್ದರಿಂದ ವರ್ಷದ ಯಾವ ದಿನದಲ್ಲೂ ಯಾವ ಕೋಣೆಯನ್ನೂ ಹಿಂದಕ್ಕೆ ಕೇಳುವಂತಿಲ್ಲ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿ.

ಕೆಳ ಅಂತಸ್ತಿನಲ್ಲಿ ಬಾರ್ ಇದ್ದರೆ ಅದನ್ನು ಮೊದಲ ಭೇಟಿಯಲ್ಲೇ ಪ್ರಸ್ತಾಪಿಸಬೇಕು. ಮದ್ಯ ಮಾರಾಟದ ಸಿಎಲ್-7 ಸನ್ನದು ಹೋಟೆಲು ಮತ್ತು ವಸತಿಗೃಹಗಳಿಗೆ ಕೊಡುವಂಥದ್ದು. ಕೋಣೆಗಳು ನಿಮ್ಮ ಕೈಗೆ ಬಂದರೆ ಆ ಸನ್ನದಿನ ಗತಿಯೇನು ಎಂಬ ಲೆಕ್ಕ ಮಾಲೀಕರ ತಲೆಯಲ್ಲಿ ಇದ್ದೇ ಇರುತ್ತದೆ. ಕುಡಿತ ಬಿಡಲು ಹೆಣಗುತ್ತಿರುವವರನ್ನು ಬಾರಿನ ಮೇಲಿನ ಕೋಣೆಯಲ್ಲಿ ಮಲಗಿಸುವ ಏರ್ಪಾಡು ಯಾರಿಗೂ ಹಿತವಲ್ಲ. ಬಾರ್ ಉಳಿಯುವುದಾದರೆ ಕಟ್ಟಡವನ್ನೇ ಬಿಡಿ.

ಬಳಕೆಯ ಬದಲಾವಣೆಯನ್ನು ನಗರಾಡಳಿತಕ್ಕೂ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಬರೆದು ತಿಳಿಸಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಲಾಡ್ಜು, ಹೋಟೆಲುಗಳು ವಾಸದ ಕಟ್ಟಡಗಳ ‘ಎ’ ಗುಂಪಿನಲ್ಲಿವೆ. ವೃದ್ಧರ, ಅಶಕ್ತರ ಆಲಯಗಳು ‘ಸಿ’ ಗುಂಪಿನಲ್ಲಿವೆ, ಅಲ್ಲಿ ಬೆಂಕಿ ಸುರಕ್ಷತೆಯ ನಿಯಮಗಳು ಬಿಗಿ. ನಿಮ್ಮಲ್ಲಿ ತಾವಾಗಿ ಎದ್ದು ಓಡಲಾಗದವರು ಇರುತ್ತಾರೆಂದಾದರೆ ಅಗ್ನಿಶಾಮಕ ಇಲಾಖೆಯವರನ್ನು ನಕ್ಷೆಯ ಹಂತದಲ್ಲೇ ಕರೆಸಿ ತೋರಿಸುವುದು ಲೇಸು. ವಿದ್ಯುತ್ ಸಂಪರ್ಕ ವಾಣಿಜ್ಯ ದರದಲ್ಲಿರುತ್ತದೆ. ವರ್ಗ ಬದಲಾವಣೆಗೆ ಹಾಸನದಲ್ಲಿ ಸೆಸ್ಕ್‌ಗೆ, ಚಿಕ್ಕಮಗಳೂರಿನಲ್ಲಿ ಮೆಸ್ಕಾಂಗೆ ಅರ್ಜಿ ಕೊಡಬೇಕು. ಹಳೆಯ ಬಾಕಿ ಯಾರು ಕಟ್ಟಬೇಕೆಂಬುದು ಕರಾರಿಗೆ ಸಹಿ ಬೀಳುವ ಮೊದಲೇ ತೀರ್ಮಾನವಾಗಲಿ.

ದುರಸ್ತಿ

ಹಳೆಯ ಲಾಡ್ಜುಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಯದ ವಸ್ತುವೆಂದರೆ ಕೆಳಗಿನ ಎಳೆಯುವ ಕಬ್ಬಿಣದ ಗೇಟು. ರಾತ್ರಿ ಅದಕ್ಕೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೌಂಟರಿನ ಹಿಂದೆ ಮಲಗುವ ಪದ್ಧತಿ ವಸತಿಗೃಹಗಳಲ್ಲಿ ಬೇರೂರಿದೆ. ಬೆಂಕಿ ಬಿದ್ದರೆ, ಹೊಗೆ ತುಂಬಿದರೆ, ಮೇಲಿನವರೆಲ್ಲ ಆ ಗೇಟಿನ ಬಳಿ ಸಿಕ್ಕಿಬೀಳುತ್ತಾರೆ. ಒಳಗಿನಿಂದ ಕೀಲಿಯಿಲ್ಲದೆ ತೆರೆಯಬಹುದಾದ ಬಾಗಿಲನ್ನು ಅದರ ಜಾಗದಲ್ಲಿ ಕೂರಿಸಿ. ಎರಡನೆಯ ಮೆಟ್ಟಿಲು ಇಲ್ಲದಿದ್ದರೆ ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು ಕಟ್ಟಿಸಿ. ಇದ್ದರೆ ಅಲ್ಲಿ ತುಂಬಿರುವ ಮುರಿದ ಕುರ್ಚಿ, ಹಾಸಿಗೆಗಳನ್ನು ತೆಗೆಸಿ. ಹಳೆಯ ವೈರಿಂಗನ್ನು ಪೂರ್ತಿ ಬದಲಿಸುವುದರಲ್ಲಿ ಜಿಪುಣತನ ಬೇಡ.

ಕೋಣೆಯ ಲೆಕ್ಕ ಹೀಗೆ ಹಾಕಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಆಶ್ರಯ ಮಾರ್ಗಸೂಚಿ ತಲೆಗೆ ಕನಿಷ್ಠ 50 ಚದರ ಅಡಿ ಎನ್ನುತ್ತದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ 120 ಚದರ ಅಡಿಯಾಯಿತು. ಅಲ್ಲಿಗೆ ಇಬ್ಬರು, ಮೂರನೆಯವರಿಗೆ ಜಾಗವಿಲ್ಲ. 24 ಕೋಣೆಗಳಿದ್ದರೆ ಎರಡು ಕಚೇರಿಗೂ ಸಿಬ್ಬಂದಿಗೂ, ಒಂದು ಕಾಯಿಲೆ ಬಿದ್ದವರಿಗೆ, ಒಂದು ಸಾಮಾನಿಗೆ ಹೋಗಿ 20 ಉಳಿಯುತ್ತವೆ. ಅವುಗಳಲ್ಲಿ ಆರನ್ನಾದರೂ ಒಬ್ಬೊಬ್ಬರಿಗೇ ಬಿಟ್ಟರೆ ಒಟ್ಟು 34 ಜನ. ರಾತ್ರಿಯಿಡೀ ಕೂಗಿಕೊಳ್ಳುವವರು, ಕೆಮ್ಮುವವರು, ಇನ್ನೊಬ್ಬರ ಸಮ್ಮುಖ ಸಹಿಸಲಾರದವರು ಇದ್ದೇ ಇರುವುದರಿಂದ ಒಂಟಿ ಕೋಣೆಗಳನ್ನು ದುಂದು ಎಂದು ಭಾವಿಸಬಾರದು. ಕಿಟಕಿಯಿಲ್ಲದ ಒಳಕೋಣೆಗಳಲ್ಲಿ ಯಾರನ್ನೂ ಮಲಗಿಸಬೇಡಿ; ಕ್ಷಯದಂಥ ರೋಗ ಹಬ್ಬುವುದು ಅಂಥ ಗಾಳಿಯಾಡದ ಜಾಗದಲ್ಲಿಯೇ.

ಹಳೆಯ ಮರದ ಮಂಚ, ಹತ್ತಿ ಹಾಸಿಗೆಗಳನ್ನು ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಉಳಿಸಿಕೊಂಡರೆ ತಿಗಣೆಯನ್ನೂ ಉಳಿಸಿಕೊಂಡಂತೆ. ಕಬ್ಬಿಣದ ಮಂಚ, ಒರೆಸಬಹುದಾದ ಹೊದಿಕೆಯ ಹಾಸಿಗೆ, ತಲೆಗೆ ಎರಡು ಕಂಬಳಿ, ಬೀಗವಿರುವ ಒಂದು ಪೆಟ್ಟಿಗೆ ಇಷ್ಟನ್ನು ಹೊಸದಾಗಿ ಕೊಳ್ಳಿ. ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದಲ್ಲಿರುವ ಊರಾದ್ದರಿಂದ ಫ್ಯಾನಿಗಿಂತ ಕಂಬಳಿಯ ಅಗತ್ಯ ಹೆಚ್ಚು. ಚಾವಣಿಯ ಫ್ಯಾನುಗಳನ್ನು ತೆಗೆಸಿ ಗೋಡೆಯ ಫ್ಯಾನು ಹಾಕಿಸಿದರೆ, ಜೀವದ ಮೇಲೆ ಬೇಸತ್ತು ಬಂದವರಿರುವ ಮನೆಯಲ್ಲಿ ಒಂದು ಅಪಾಯ ಕಡಿಮೆಯಾಗುತ್ತದೆ. ಬಾಗಿಲಿನ ಹೊರಚಿಲಕಗಳನ್ನು ಕಿತ್ತುಹಾಕಿ, ಯಾರನ್ನೂ ಒಳಗೆ ಕೂಡಿಹಾಕಲು ಆಸ್ಪದವಿರಬಾರದು. ಒಳಚಿಲಕದ ಬದಲು ತುರ್ತಿನಲ್ಲಿ ಸಿಬ್ಬಂದಿ ಹೊರಗಿನಿಂದ ತೆಗೆಯಬಲ್ಲ ಬೀಗ ಹಾಕಿಸಿ. ಕೀಲಿ ವಾಸವಿರುವವರ ಕೈಯಲ್ಲೇ ಇರಲಿ.

ನೀರಿನ ಲೆಕ್ಕದಲ್ಲಿ ಲಾಡ್ಜು ಅನುಕೂಲ ಮಾಡಿಕೊಡುತ್ತದೆ. ಹೋಟೆಲಿಗೆ ಹಾಸಿಗೆಯೊಂದಕ್ಕೆ ದಿನಕ್ಕೆ 180 ಲೀಟರ್, ಹಾಸ್ಟೆಲಿಗೆ ತಲೆಗೆ 135 ಲೀಟರ್ ಎಂಬುದು ಕಟ್ಟಡ ಸಂಹಿತೆಯ ಅಳತೆ. 34 ಜನರಿಗೆ ಸುಮಾರು 4,600 ಲೀಟರ್ ಸಾಕು, ಇರುವ ತೊಟ್ಟಿಯೇ ಹೊಂದುತ್ತದೆ. ಬಿಸಿನೀರಿಗೆ ಸೋಲಾರ್ ಒಳ್ಳೆಯದು, ಆದರೆ ಆಷಾಢ, ಶ್ರಾವಣದ ಮೋಡದಲ್ಲಿ ಅದನ್ನು ನಂಬಿ ಕೂರಲಾಗದು. ಹಿತ್ತಲಲ್ಲಿ ಸೌದೆ ಹಂಡೆಗೂ ಜಾಗ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಮೈಗೆ ನೀರು ಕಾಣದೆ ಬಂದವರಿಗೆ ಮೊದಲ ದಿನ ಬೇಕಾಗುವುದು ಎರಡು ಬಕೆಟ್ ಬಿಸಿನೀರು. ಕೆಳ ಅಂತಸ್ತಿನ ಎರಡು ಕೋಣೆಗಳನ್ನು ಅಂಗವಿಕಲರಿಗೆ ಮೀಸಲಿಡಿ. ಇಳಿಜಾರು 1:12ರಂತೆ ಇರಬೇಕು, ಎಂದರೆ ಎರಡು ಅಡಿ ಎತ್ತರದ ಜಗಲಿಗೆ ಇಪ್ಪತ್ತನಾಲ್ಕು ಅಡಿ ಉದ್ದ ಬೇಕು. ಮುಂದೆ ಜಾಗವಿಲ್ಲದಿದ್ದರೆ ಪಕ್ಕದ ಓಣಿಯಿಂದ ದಾರಿ ಹುಡುಕಿ.

ಯಾರು ನಡೆಸಬೇಕು

ಮೇಲೆ ಹೇಳಿದ ಮಾರ್ಗಸೂಚಿಯ ಪ್ರಕಾರ ಒಬ್ಬ ವ್ಯವಸ್ಥಾಪಕರೂ, ಎಂಟೆಂಟು ಗಂಟೆಯ ಪಾಳಿಗೆ ಒಬ್ಬರಂತೆ ಮೂವರು ಪಾಲಕರೂ ಇರಬೇಕು. ಇದು ತೀರಾ ಕನಿಷ್ಠ. ಆಸರೆಯೆಂಬ ಮಾತಿಗೆ ಅರ್ಥ ಬರಬೇಕಾದರೆ, ಕಚೇರಿಗಳಿಗೆ ಅಲೆದು ಕಾಗದ ಮಾಡಿಸಿಕೊಡುವ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಒಬ್ಬ ಸಮಾಜಕಾರ್ಯಕರ್ತರು ಪೂರ್ಣಾವಧಿಗೆ ಬೇಕೇಬೇಕು. ಖರ್ಚು ಕಡಿತದ ಮಾತು ಬಂದಾಗ ಮೊದಲು ಕತ್ತರಿ ಬೀಳುವುದು ಈ ಹುದ್ದೆಗೇ. ಅಲ್ಲಿ ಕತ್ತರಿಸಿದರೆ ಉಳಿಯುವುದು ಬಿಟ್ಟಿ ಲಾಡ್ಜು ಮಾತ್ರ.

ಹಳೆಯ ಲಾಡ್ಜಿನ ರೂಂಬಾಯ್‌ಗಳನ್ನು ಕರೆದು ಕೇಳಿ. ಯಾವ ಕೋಣೆಯ ಪೈಪು ಸೋರುತ್ತದೆ, ಯಾವ ಗೋಡೆ ಮಳೆಗೆ ಒದ್ದೆಯಾಗುತ್ತದೆ ಎಂಬುದು ಅವರಿಗೆ ಗೊತ್ತು. ನಡುರಾತ್ರಿ ಕುಡಿದು ಬಂದವರನ್ನು ಜಗಳವಿಲ್ಲದೆ ಕೋಣೆ ಸೇರಿಸುವ ವಿದ್ಯೆಯೂ ಅವರಿಗೆ ಕರಗತ. ಹಾಸ್ಟೆಲಿನ ವಾರ್ಡನ್ ಆಗಿದ್ದವರಿಗಿಂತ ಇವರು ಈ ಕೆಲಸಕ್ಕೆ ಒಗ್ಗುತ್ತಾರೆಂಬುದು ನನ್ನ ಎಣಿಕೆ. ಪ್ರಥಮ ಚಿಕಿತ್ಸೆ, ಮೂರ್ಛೆ ಬಂದಾಗ ಏನು ಮಾಡಬೇಕು, ಹೊಗೆ ಕಂಡರೆ ಎಲ್ಲರನ್ನೂ ಹೇಗೆ ಕೆಳಗಿಳಿಸಬೇಕು ಎಂಬುದನ್ನು ಮಾತ್ರ ಕ್ರಮವಾಗಿ ಕಲಿಸಬೇಕು.

ಊಟಕ್ಕೆ ಲಾಡ್ಜಿನ ಹಳೆಯ ಅಡುಗೆಮನೆಯನ್ನೇ ಎಬ್ಬಿಸಿ. ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಹಗಲಿನ ಭಾರ ಇಳಿಯುತ್ತದೆ, ಆದರೆ ರಾತ್ರಿಯ ಮುದ್ದೆ, ಸಾರು ಮನೆಯಲ್ಲೇ ಆಗಬೇಕು; ದಿನಕ್ಕೊಮ್ಮೆ ಎಲ್ಲರೂ ಒಂದೆಡೆ ಕೂರುವ ಹೊತ್ತು ಅದೊಂದೇ.

ಬಂದವರನ್ನು ಬರಮಾಡಿಕೊಳ್ಳುವುದು

ಲಾಡ್ಜಿನಲ್ಲಿ ಗುರುತಿನ ಚೀಟಿಯ ನಕಲು ಕೊಡದೆ ಕೋಣೆ ಸಿಗುವುದಿಲ್ಲ. ಇಲ್ಲಿ ಅದು ತಿರುಗುಮುರುಗಾಗಬೇಕು: ಮೊದಲು ಕೋಣೆ, ಸ್ನಾನ, ಊಟ; ಹೆಸರು, ಊರು ಕೇಳುವುದು ಮಾರನೆಯ ದಿನ. ಹೇಳಿದ ಹೆಸರನ್ನೇ ಬರೆದುಕೊಳ್ಳಿ. ಭಾವಚಿತ್ರವನ್ನು ಅವರ ಒಪ್ಪಿಗೆಯಿಂದಲೇ ತೆಗೆಯಿರಿ, ದಾನಿಗಳಿಗೆ ಕಳುಹಿಸಲು ಎಂದೂ ಬೇಡ. ಠಾಣೆಗೆ ಕೇಂದ್ರದ ಬಗ್ಗೆ ಮೊದಲೇ ಬರೆದು ತಿಳಿಸಿರಿ; ತಮ್ಮ ಹೆಸರನ್ನೇ ಹೇಳಲಾಗದ ಸ್ಥಿತಿಯಲ್ಲಿರುವವರ ವಿಚಾರದಲ್ಲಿ ಅಂದೇ ಮಾಹಿತಿ ಕೊಡಿ.

ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರಡಿಯ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಭಿಕ್ಷೆ ಬೇಡುವವರನ್ನು ಹಿಡಿದು ತರಬಹುದು. ನಿಮ್ಮ ಮನೆ ಅಂಥದ್ದಲ್ಲವೆಂಬುದು ಬೀದಿಯಲ್ಲಿ ಮಲಗುವವರಿಗೆ ಸ್ಪಷ್ಟವಾಗದಿದ್ದರೆ ಅವರು ನಿಮ್ಮ ವಾಹನ ಕಂಡೊಡನೆ ಓಡುತ್ತಾರೆ. ಆದ್ದರಿಂದ ವಾಹನದಲ್ಲಿ ತುಂಬಿಕೊಂಡು ಬರುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ಒಬ್ಬರನ್ನು ಕರೆದು ತಂದು ಕೋಣೆ ತೋರಿಸಿ, ಬೇಡವೆಂದರೆ ಹೋಗಲು ಬಿಡಿ. ಆರಂಭದಲ್ಲಿ ಹತ್ತು ಕೋಣೆಗಳನ್ನಷ್ಟೇ ತೆರೆದು, ಅವು ಹಿಡಿತಕ್ಕೆ ಬಂದ ಮೇಲೆ ಉಳಿದವನ್ನು ತೆರೆಯುವುದು ಜಾಣತನ.

ನಿಯಮಗಳು ಕಡಿಮೆಯಿರಲಿ, ಓದಲು ಬಾರದವರಿಗೆ ಓದಿ ಹೇಳಿ. ಕಟ್ಟಡದೊಳಗೆ ಕುಡಿಯುವಂತಿಲ್ಲ, ಹೊಡೆಯುವಂತಿಲ್ಲ, ಇನ್ನೊಬ್ಬರ ಕೋಣೆಗೆ ಕರೆಯದೆ ಹೋಗುವಂತಿಲ್ಲ. ಕುಡಿದು ಬಂದವರನ್ನು ಹೊರಗಟ್ಟುವ ನಿಯಮವನ್ನು ಹಲವರು ಮೊದಲ ಸಾಲಿಗೆ ಸೇರಿಸುತ್ತಾರೆ, ನಾನು ಒಪ್ಪುವುದಿಲ್ಲ. ಜನವರಿಯ ರಾತ್ರಿಯಲ್ಲಿ ಕುಡಿದವರೊಬ್ಬರು ಚರಂಡಿಯ ಪಕ್ಕ ಮಲಗುವುದಕ್ಕಿಂತ ತಮ್ಮ ಕೋಣೆಯಲ್ಲಿ ಮಲಗಿ ಬೆಳಗ್ಗೆ ಕಾರ್ಯಕರ್ತರ ಕೈಗೆ ಸಿಗುವುದು ಮೇಲು. ದೀರ್ಘಕಾಲ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೈ ನಡುಕ, ಮೂರ್ಛೆ ಬರಬಹುದಾದ್ದರಿಂದ ಬಿಡಿಸುವ ಕೆಲಸ ವೈದ್ಯರ ಕಣ್ಗಾವಲಿನಲ್ಲಿಯೇ ನಡೆಯಬೇಕು.

ಗುರುತು, ಪಿಂಚಣಿ, ಚಿಕಿತ್ಸೆ

ಮೊದಲ ತಿಂಗಳ ಕೆಲಸವೆಲ್ಲ ವಿಳಾಸದ ಸುತ್ತ ತಿರುಗುತ್ತದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಆಧಾರ್‌ಗೆ ಒಪ್ಪುತ್ತಾರೆ. ಹಾಗಾಗಿ ನಗರಾಡಳಿತದಿಂದ ಮಾನ್ಯತೆಯ ಪತ್ರ ಪಡೆಯುವುದು ಕೇವಲ ಶಿಷ್ಟಾಚಾರವಲ್ಲ. ಆಧಾರ್ ಆದ ಮೇಲೆ ಜನಧನ್ ಖಾತೆ, ಪಡಿತರ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಅಂಗವಿಕಲರಿಗೆ ಮಾಸಾಶನ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಚೀಟಿ ಒಂದರ ಹಿಂದೊಂದು ಸಾಧ್ಯವಾಗುತ್ತವೆ. ಮತದಾರರ ಪಟ್ಟಿಗೂ ಸೇರಿಸಿ. ಮನೆಯಿಲ್ಲದವರು ಹೇಳಿದ ಜಾಗದಲ್ಲಿ ನಿಜಕ್ಕೂ ಮಲಗುತ್ತಾರೆಯೇ ಎಂದು ಮತಗಟ್ಟೆ ಅಧಿಕಾರಿ ರಾತ್ರಿ ಬಂದು ನೋಡಿ ಖಚಿತಪಡಿಸಿಕೊಳ್ಳುವ ಕ್ರಮ ಚುನಾವಣಾ ಆಯೋಗದಲ್ಲಿದೆ. ಪಿಂಚಣಿಯ ಪಾಸ್‌ಪುಸ್ತಕ, ಎಟಿಎಂ ಕಾರ್ಡು ಅವರವರ ಪೆಟ್ಟಿಗೆಯಲ್ಲಿರಲಿ, ಕಚೇರಿಯ ಬೀರುವಿನಲ್ಲಿ ಬೇಡ.

ವೃದ್ಧರನ್ನು ಮಕ್ಕಳು ಬಿಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳಬಹುದು. ಮಗನ ಮೇಲೆ ದೂರು ಕೊಡಲೊಲ್ಲೆನೆಂದು ತಾಯಿ ಹೇಳಿದರೆ ಒತ್ತಾಯಿಸಬೇಡಿ; ಹಿರಿಯರ ಸಹಾಯವಾಣಿ 14567ರ ಮೂಲಕ ರಾಜಿಯ ಮಾತುಕತೆಗಾದರೂ ಅವಕಾಶ ತೆರೆದಿರಲಿ.

ಆರೋಗ್ಯ ತಪಾಸಣೆಯಲ್ಲಿ ಎರಡು ವಾರ ಮೀರಿದ ಕೆಮ್ಮಿದ್ದವರಿಗೆ ಕಫ ಪರೀಕ್ಷೆ, ಎಲ್ಲರಿಗೂ ಕಜ್ಜಿಯ ಪರಿಶೀಲನೆ ತಪ್ಪದೆ ಆಗಲಿ. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಜ್ಜಿಗೆ ಒಬ್ಬರಿಗೆ ಮುಲಾಮು ಹಚ್ಚಿ ಸುಮ್ಮನಾದರೆ ಪ್ರಯೋಜನವಿಲ್ಲ, ಕೋಣೆಯ ಇಬ್ಬರಿಗೂ ಒಟ್ಟಿಗೆ ಹಚ್ಚಿ, ಬಟ್ಟೆ, ಕಂಬಳಿಗಳನ್ನು ಬಿಸಿನೀರಿನಲ್ಲಿ ಒಗೆಸಬೇಕು.

ಮಾನಸಿಕ ಅಸ್ವಸ್ಥರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಎರಡು ಕಲಮುಗಳನ್ನು ಸಿಬ್ಬಂದಿಗೆ ಬಾಯಿಪಾಠ ಮಾಡಿಸಿ. 100ನೆಯ ಕಲಮಿನಂತೆ, ಬೀದಿಯಲ್ಲಿ ಅಲೆಯುತ್ತಿರುವ ಅಸ್ವಸ್ಥರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ. 19ನೆಯ ಕಲಮಿನಂತೆ, ಮನೆಯಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಅಲ್ಲಿಂದ ಹೊರಬಂದವರಿಗೆ ನಿಮ್ಮ ಕೋಣೆ ಬೇಕಾಗುತ್ತದೆ. ಆದರೆ ಅಸ್ವಸ್ಥರನ್ನು ಚಿಕಿತ್ಸೆಗೆಂದೇ ದಾಖಲಿಸಿಕೊಳ್ಳುವ ಸಂಸ್ಥೆಗೆ ಆ ಕಾಯ್ದೆಯಡಿ ನೋಂದಣಿ ಕಡ್ಡಾಯ. ನೀವು ಕೊಡುವುದು ವಸತಿ, ಚಿಕಿತ್ಸೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರದು ಎಂಬ ಗೆರೆಯನ್ನು ಕಾಗದದಲ್ಲೂ ನಡೆಯಲ್ಲೂ ಕಾಪಾಡಿಕೊಳ್ಳಿ. ರಾತ್ರಿಯ ಪಾಳಿಯವರ ಮೇಜಿನ ಮೇಲೆ 112, 108ರ ಜೊತೆಗೆ ಮಾನಸಿಕ ನೆರವಿನ ಸಹಾಯವಾಣಿ ಟೆಲಿ-ಮನಸ್‌ನ 14416 ಸಹ ಬರೆದಿರಲಿ.

ನೆರೆಹೊರೆ, ಹಣ

ಬೀದಿಯ ಅಂಗಡಿಯವರಿಗೆ ಸುದ್ದಿ ಹೊರಗಿನಿಂದ ತಿಳಿಯುವ ಮೊದಲು ನೀವೇ ಹೋಗಿ ಹೇಳಿ. ವಾರ್ಡಿನ ಸದಸ್ಯರನ್ನೂ ಬೀಟ್ ಪೊಲೀಸರನ್ನೂ ಜೊತೆಗೆ ಕರೆದೊಯ್ಯಿರಿ. ಯಾವ ಹೊತ್ತಿನಲ್ಲಾದರೂ ಕರೆ ಸ್ವೀಕರಿಸುವ ಒಂದು ಮೊಬೈಲ್ ಸಂಖ್ಯೆಯನ್ನು ಕೊಟ್ಟರೆ ಅರ್ಧ ತಕರಾರು ಅಲ್ಲಿಗೇ ಇಳಿಯುತ್ತದೆ. ಲಾಡ್ಜಿನ ಹಳೆಯ ನಾಮಫಲಕ ಹಾಗೆಯೇ ಇರಲಿ; ಕೆಲಸ ಕೇಳಲು ಹೋದವರು ವಿಳಾಸ ಹೇಳುವಾಗ ತಲೆ ತಗ್ಗಿಸಬೇಕಾಗುವುದಿಲ್ಲ.

ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಆಶ್ರಯವಿರಬೇಕೆಂಬ ಅಳತೆಯಿದೆ; ಹಾಸನ, ಚಿಕ್ಕಮಗಳೂರು ಎರಡೂ ಒಂದು ಲಕ್ಷ ದಾಟಿದ ಊರುಗಳು. ನಗರಾಡಳಿತದ ಮುಂದೆ ಈ ಮಾತನ್ನೇ ಮುಂದಿಡಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಬೇಕಾದರೆ ಟ್ರಸ್ಟು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ದುರಸ್ತಿಗೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಬರೆಸಬಹುದಲ್ಲ, ಸಂಬಳಕ್ಕೆ ಸಿಗುವುದಿಲ್ಲ. ಒಂದು ವರ್ಷದ ಬಾಡಿಗೆ ಮತ್ತು ಸಂಬಳದ ಹಣ ಕೈಯಲ್ಲಿಲ್ಲದೆ ಬಾಗಿಲು ತೆರೆಯಬೇಡಿ.

ಮುಂದಿನ ಮನೆ

ಇಷ್ಟು ತಿಂಗಳಲ್ಲಿ ತೆರವು ಮಾಡಲೇಬೇಕೆಂಬ ಗಡುವು ಹಾಕುವುದರಿಂದ ಜನ ಮನೆಗಲ್ಲ, ಬೀದಿಗೆ ಮರಳುತ್ತಾರೆ. ಬದಲಾಗಿ, ಮೂರು ತಿಂಗಳಿಗೊಮ್ಮೆ ಕೂತು ಮಾತಾಡಿ: ಊರಿಗೆ ಹೋಗುವ ಮನಸ್ಸಿದೆಯೇ, ಬಾಡಿಗೆ ಕೋಣೆ ಹಿಡಿಯುವಷ್ಟು ಗಳಿಕೆಯಿದೆಯೇ, ಜೊತೆಗಿರಲು ಯಾರಾದರೂ ಒಪ್ಪುತ್ತಾರೆಯೇ. ಚೆನ್ನೈನಲ್ಲಿ 1993ರಲ್ಲಿ ಆರಂಭವಾದ ದಿ ಬನಿಯನ್ ಸಂಸ್ಥೆ, ದೀರ್ಘಕಾಲ ಆಸ್ಪತ್ರೆಯಲ್ಲಿದ್ದ ಮಾನಸಿಕ ಅಸ್ವಸ್ಥರನ್ನು ನಾಲ್ಕೈದು ಜನರ ಗುಂಪಾಗಿ ಸಾಮಾನ್ಯ ಬಾಡಿಗೆ ಮನೆಗಳಲ್ಲಿ ನೆಲೆಗೊಳಿಸಿ, ಕಾರ್ಯಕರ್ತರ ನೆರವನ್ನು ಅಲ್ಲಿಗೇ ಒದಗಿಸುತ್ತಿದೆ. ಒಂಟಿಯಾಗಿ ಮುಂಗಡ ಕಟ್ಟಲಾರದ ಇಬ್ಬರು, ಮೂವರಿಗೆ ನಮ್ಮಲ್ಲೂ ಇದೇ ದಾರಿ ಹೊಂದುತ್ತದೆ. ಮುಂಗಡವನ್ನು ಟ್ರಸ್ಟು ಸಾಲವಾಗಿ ಕೊಟ್ಟು ಕಂತಿನಲ್ಲಿ ಮರಳಿ ಪಡೆಯಲಿ.

ಈ ಸೀಮೆಗೇ ವಿಶಿಷ್ಟವಾದ ಒಂದು ನಿಯಮವನ್ನೂ ಬರೆದಿಟ್ಟುಕೊಳ್ಳಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ, ಸುಮಾರು ಡಿಸೆಂಬರಿನಿಂದ ಫೆಬ್ರವರಿವರೆಗೆ, ಸಕಲೇಶಪುರ, ಬೇಲೂರು, ಆಲೂರಿನ ತೋಟಗಳಿಗೆ ಹೋಗಬಲ್ಲವರೆಲ್ಲ ಹೋಗುತ್ತಾರೆ, ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಉಳಿಯುತ್ತಾರೆ. ಅವರ ಕೋಣೆಯನ್ನು ತೆರವಾಯಿತೆಂದು ಬರೆದರೆ, ಕೊಯ್ಲು ಮುಗಿಸಿ ಕೈಯಲ್ಲಿ ಹಣ ಹಿಡಿದು ಬರುವವರಿಗೆ ಇಳಿಯಲು ಜಾಗವಿರುವುದಿಲ್ಲ, ಆ ಹಣವೂ ಉಳಿಯುವುದಿಲ್ಲ. ತೋಟದ ಹೆಸರು, ಮೇಸ್ತ್ರಿಯ ದೂರವಾಣಿ ಸಂಖ್ಯೆ ಬರೆಸಿಕೊಂಡು, ಪೆಟ್ಟಿಗೆಯನ್ನು ಸಾಮಾನಿನ ಕೋಣೆಯಲ್ಲಿ ಭದ್ರಪಡಿಸಿ, ಆ ಅವಧಿಗೆ ಕೋಣೆಯನ್ನು ಆಸ್ಪತ್ರೆಯಿಂದ ಬಂದ ತಾತ್ಕಾಲಿಕ ವಾಸಿಗಳಿಗೆ ಕೊಡಿ. ಮರಳುವ ದಿನಾಂಕವನ್ನು ಮಾರ್ಚ್ ಕೊನೆಯೆಂದು ಇಬ್ಬರಿಗೂ ಮುಂಚಿತವಾಗಿಯೇ ಹೇಳಿರಬೇಕು.